ಮದ್ದು ಕೊಡುವವಳು

ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಆಲಂಕಾರಿನ ಬಸ್ಸು ಹತ್ತಿ ಕೂತ ಮೇಲೂ ಹರಿಣಾಕ್ಷಿಗೆ ಲ್ಯಾಬಿನ ಫ್ರಿಜ್ಜಿನ ಬಾಗಿಲು ಹಾಕಿದೆನೋ ಇಲ್ಲವೋ ಎಂಬುದು ಸರಿಯಾಗಿ ನೆನಪಾಗಲಿಲ್ಲ. ಹಾಕಿರಬೇಕು. ಬೆಳಿಗ್ಗೆ ಯಾರೂ ಬರುವ ಮೊದಲು ಹೋಗಿ, ಅದನ್ನು ತೆರೆದು, ಹೆಬ್ಬೆರಳಿನಷ್ಟು ದೊಡ್ಡ ಕಂದು ಬಾಟಲಿಯೊಂದನ್ನು ಕಳ್ಳಿಯ ಹಾಗೆ ಬ್ಯಾಗಿಗೆ ಹಾಕಿಕೊಂಡು, ಮೆಟ್ಟಿಲವರೆಗೆ ಬಂದು, ಕಾಲು ಮುಂದೆ ಹೋಗದೆ ಹಿಂದಿರುಗಿ ಅದನ್ನು ಇದ್ದಲ್ಲೇ ಇಟ್ಟಿದ್ದಳು. ನಾಲ್ಕು ವರ್ಷದಿಂದ ಪಿಎಚ್.ಡಿ.ಗೆಂದು ಕುದಿಸಿ, ಸೋಸಿ, ಒಣಗಿಸಿ, ಇಲಿಯ ಮೆದುಳಿನ ಕೋಶಗಳ ಮೇಲೆ ಹನಿಸುತ್ತ ಬಂದಿದ್ದ ಒಂದು ಬಳ್ಳಿಯ ಸಾರ ಅದು. ಗಾಜಿನ ತಟ್ಟೆಯ ಕೋಶಗಳಿಗೆ ಮಾತ್ರ. ಜೀವ ಇರುವ ಇಲಿಗೂ ಇನ್ನೂ ಕೊಟ್ಟಿರಲಿಲ್ಲ. ಅದನ್ನು ಸ್ವಂತ ಸೋದರಮಾವನ ಬಾಯಿಗೆ ಹಾಕಲು ಹೊರಟಿದ್ದೆನಲ್ಲ ಎಂದು ಈಗ ಹೆದರಿದಳು. ಪಕ್ಕದ ಸೀಟಿನ ಹೆಂಗಸು, "ಸ್ವಲ್ಪ ಆಚೆ ಸರೀತೀರಾ, ಬಿಸಿಲು ಬೀಳ್ತದೆ" ಎಂದಳು. ಸರಿದರೆ ಬಿಸಿಲು ತನ್ನ ಮೇಲೆಯೇ ಬೀಳುತ್ತದೆಂದು ಗೊತ್ತಿದ್ದೂ ಹರಿಣಾಕ್ಷಿ ಸರಿದಳು. ಇತ್ತೀಚೆಗೆ ಯಾರು ಎಂತ ಹೇಳಿದರೂ ಹೂಂ ಎನ್ನುವುದು ಅಭ್ಯಾಸವಾಗಿತ್ತು. ಅಲ್ಲ ಎನ್ನಲು ಬೇಕಾದ ಶಕ್ತಿ ಎಲ್ಲೋ ಸೋರಿಹೋಗಿತ್ತು.

ನಿನ್ನೆ ಕುಮುದಿನಿಯ ವಾಯ್ಸ್ ಮೆಸೇಜು ಬಂದಿತ್ತು. ಕುಮುದಿನಿ ಮಾವನ ಮಗಳು, ಆಲಂಕಾರಿನ ಹತ್ತಿರದ ಅಂಗನವಾಡಿಯ ಟೀಚರು. ಹಿಂದಿನಿಂದ ಮಕ್ಕಳ ಗಲಾಟೆ ಕೇಳುತ್ತಿತ್ತು. "ಅಪ್ಪ ಮಾತ್ರೆ ನುಂಗುದೇ ಇಲ್ಲ ಮಾರಾಯ್ತಿ. ನಾಲಗೆ ಅಡಿಯಲ್ಲಿ ಇಟ್ಕೊಂಡು, ನಾನು ಆಚೆ ಹೋದ ಕೂಡ್ಲೆ ಉಗಿಯುದು. ಎರಡು ವಾರದ್ದು ಪೂರಾ ಕ್ರೋಟನ್ ಚಟ್ಟಿಯಲ್ಲಿ ಸಿಕ್ಕಿತು. ಮೊನ್ನೆ ಬಚ್ಚಲಿನ ಹತ್ರ ಬಿದ್ದದ್ದು, ನಿನ್ನೆ ಅನ್ನ ಗಂಟ್ಲಲ್ಲಿ ಸಿಕ್ಕಿ ಕಣ್ಣು ಮೇಲೆ ಹೋಗಿತ್ತು. ನೀನು ಬಂದು ಹೇಳು. ನಿನ್ನ ಮಾತಾದ್ರೆ ಕೇಳಿಯಾರು." ನಿನ್ನ ಮಾತಾದ್ರೆ ಎಂಬಲ್ಲಿ ಸಣ್ಣದೊಂದು ಮುಳ್ಳು ಇತ್ತು. ಹರಿಣಾಕ್ಷಿ ಆ ಮೆಸೇಜನ್ನು ಮೂರು ಸಲ ಕೇಳಿದಳು, ಮೂರು ಸಲವೂ ಮುಳ್ಳು ಅಲ್ಲೇ ಇತ್ತು.

ಬಸ್ಸಿನಲ್ಲಿ ಮುಂದೆ ಕೂತ ಮಗುವೊಂದು ಗುಲಾಬಿ ಬಣ್ಣದ ಐಸ್‌ಕ್ಯಾಂಡಿ ಚೀಪುತ್ತಿತ್ತು. ಆ ಬಣ್ಣ ಎಲ್ಲಿ ಕಂಡರೂ ಅವಳಿಗೆ ತಟ್ಟೆಯೇ ಎದುರು ಬರುತ್ತದೆ. ಮೆದುಳಿನ ಕಾವಲು ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಅವಕ್ಕೆ ಬ್ಯಾಕ್ಟೀರಿಯಾದ ಚೂರು ತೋರಿಸಿ ಕೆರಳಿಸುವುದು. ಕೆರಳಿದ ಮೇಲೆ ಸಾರವನ್ನು ಹನಿಸುವುದು. ಮರುದಿನ ಮೇಲಿನ ನೀರನ್ನು ತೆಗೆದು ಬಣ್ಣದ ಮದ್ದು ಬೆರೆಸಿದರೆ ಉರಿಯೂತ ಹೆಚ್ಚಿದ್ದಲ್ಲಿ ಗಾಢ ಗುಲಾಬಿ, ಇಳಿದಲ್ಲಿ ತೆಳು ಗುಲಾಬಿ. ಮೊದಲ ಸಲ ಆ ಬಳ್ಳಿಯ ಸಾಲಿನಲ್ಲಿ ಬಣ್ಣ ಮೆಲ್ಲ ಮೆಲ್ಲ ತೆಳುವಾದದ್ದನ್ನು ಕಂಡು ಕಾರಿಡಾರಿನಲ್ಲಿ ಓಡಿದ್ದಳು. ಗೈಡ್ ರಾಧಾಕೃಷ್ಣ ಸರ್ ಕನ್ನಡಕ ಮೇಲೇರಿಸಿ, "ಈ ಕೊನೇದು ಪೂರ್ತಿ ಬೆಳ್ಳಗುಂಟಲ್ಲ, ಎಷ್ಟು ಚಂದ" ಎಂದಿದ್ದರು. ಕೊನೆಯದರಲ್ಲಿ ಕೋಶಗಳೆಲ್ಲ ಸತ್ತಿದ್ದವು. ಡೋಸು ಜಾಸ್ತಿಯಾಗಿತ್ತು. ಸತ್ತ ಕೋಶ ಬಹಳ ಶಾಂತವಾಗಿರುತ್ತದೆ, ಅದಕ್ಕೆ ಯಾವ ಉರಿಯೂ ಇರುವುದಿಲ್ಲ. "ಹಾಗಾದ್ರೆ ಅದನ್ನು ಲೇಖನದ ಹಿಂದೆ ಸಪ್ಲಿಮೆಂಟಲ್ಲಿ ಹಾಕುವ, ಮುಂದೆ ಬೇಡ" ಎಂದರು ಸರ್. ಸುಳ್ಳೇನೂ ಅಲ್ಲ. ಎಲ್ಲಿಯೂ ಸುಳ್ಳಿರಲಿಲ್ಲ. ಹಿಂದೆ ಹಾಕಿದ್ದು ಮಾತ್ರ. ಊರಿನ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಯಾರೋ, "ನಮ್ಮೂರಿನ ಗೂಡೆ ಮರೆವಿಗೆ ಮದ್ದು ಕಂಡುಹಿಡಿದಳು" ಎಂದು, ಹುಡುಗಿಗೆ ಗೂಡೆ ಎನ್ನುವ ಅರೆಭಾಷೆಯ ಹೆಮ್ಮೆಯಿಂದ ಬರೆದು, ಅವಳ ಫೋಟೋದ ಸುತ್ತ ಹೂ ಹಾಕಿದ್ದರು. ಅವಳು ಅದು ಹಾಗಲ್ಲ ಎಂದು ಉದ್ದಕ್ಕೆ ಬರೆದು, ಅಳಿಸಿ, ಕೈ ಮುಗಿಯುವ ಚಿತ್ರ ಕಳಿಸಿ ಸುಮ್ಮನಾಗಿದ್ದಳು.

ಬಳ್ಳಿ ಕೊಟ್ಟವರು ಮಾವನೇ. ಕುಕ್ಕಪ್ಪ ಅಂದರೆ ಆಲಂಕಾರಿನಿಂದ ಬೆಳ್ಳಾರೆಯವರೆಗೂ ನರದ ಮದ್ದಿನವರು. ಕೈಕಾಲು ಸೋತವರು, ಮಾತು ತೊದಲುವವರು, ಮಗನನ್ನೇ ಯಾರೆಂದು ಕೇಳುವ ಮುದುಕಿಯರು ಮಂಗಳವಾರ ಅವರ ಜಗಲಿಯಲ್ಲಿ ಬಂದು ಕೂರುತ್ತಿದ್ದರು. ಯಾವ ಎಲೆ ಎಂದು ಯಾರಿಗೂ ಹೇಳುವಂತಿಲ್ಲ, ಹೇಳಿದರೆ ಮದ್ದು ನಾಟುವುದಿಲ್ಲ. ಸುಳ್ಯ ಪೇಟೆಯಲ್ಲಿ ಬೆಳೆದ ಹರಿಣಾಕ್ಷಿಗೆ ಇದೆಲ್ಲ ರಜೆಗೆ ಬಂದಾಗ ಕಂಡ ವಿಷಯ, ಅಷ್ಟೆ. ನಾಲ್ಕು ವರ್ಷದ ಹಿಂದೆ ಸಂಶೋಧನೆಯ ಒಪ್ಪಿಗೆ ಪತ್ರ ಹಿಡಿದುಕೊಂಡು ಬಂದಾಗ ಮಾವ ಒಂದು ವಾರ ಮಾತೇ ಆಡಲಿಲ್ಲ. ಮತ್ತೆ ಹೇಳಿಕಳಿಸಿದರು: ಮಂಗಳವಾರ, ತಲೆಗೆ ಸ್ನಾನ ಮಾಡಿ, ಏನೂ ತಿನ್ನದೆ ಬಾ. ಕುಮುದಿನಿಯನ್ನು ಆಚೆ ಕಳಿಸಿ, ಅವಳನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಅಂಗೈಗೆ ಎಲೆ ಇಟ್ಟು, ಬಾಗಿ ಕಿವಿಯಲ್ಲಿ ಹೆಸರು ಹೇಳಿದರು. ವೀಳ್ಯದ ವಾಸನೆಯ ಬಿಸಿ ಉಸಿರು. ಚೂಡಿದಾರದ ಕಿಸೆಯಲ್ಲಿ ಅವಳ ಫೋನು ರೆಕಾರ್ಡ್ ಮಾಡುತ್ತಿತ್ತು. ಒಪ್ಪಿಗೆ ಪತ್ರದಲ್ಲಿ ಧ್ವನಿಮುದ್ರಣಕ್ಕೂ ಒಂದು ಸಾಲು ಇತ್ತಲ್ಲ, ಸಹಿ ಹಾಕಿದ್ದರಲ್ಲ. ಆದರೂ ಪಿಸುಮಾತು ಸರಿಯಾಗಿ ಬಿದ್ದಿರಲಿಕ್ಕಿಲ್ಲ ಎನಿಸಿ, "ಇನ್ನೊಮ್ಮೆ ಜೋರಾಗಿ ಹೇಳಿ ಮಾವ" ಎಂದಿದ್ದಳು. ಮಾವ ಅವಳನ್ನು ಯಾವುದೋ ಗುರುತು ಸಿಗದವರನ್ನು ನೋಡುವಂತೆ ನೋಡಿ, ಎದ್ದು ಕಾಲು ತೊಳೆಯಲು ಹೋದರು. ಆ ಗಳಿಗೆಯಲ್ಲೇ ತನಗೆ ಏನೋ ಹೊಳೆದಿತ್ತಲ್ಲವೇ? ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವುದು ಸುಲಭ. ರೂಮಿಗೆ ಬಂದು ಇಯರ್‌ಫೋನ್ ಹಾಕಿ, ಆ ಉಸಿರನ್ನು ಹಿಂದೆ ಮುಂದೆ ಓಡಿಸಿ, ಪಟ್ಟಿಯಲ್ಲಿ ಬರೆದಳು: ಮಾಹಿತಿದಾರ ಏಳು.

ಆಲಂಕಾರಿನಲ್ಲಿ ಇಳಿಯುವಾಗ ಹನ್ನೊಂದು ಗಂಟೆ. ಮಾರ್ಚಿನ ಬಿಸಿಲಿಗೆ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಹಿಡಿಯುತ್ತಿತ್ತು. ರಸ್ತೆಗೆ ತಾಗಿಯೇ ಇರುವ ಮನೆ, ತಗಡಿನ ಮಾಡಿನ ಜಗಲಿ, ಒಳಗೆ ಕುಕ್ಕರು ಕೂಗುತ್ತಿತ್ತು. ಎರಡನೇ ಶನಿವಾರ, ಕುಮುದಿನಿಗೆ ರಜೆ. ಅವಳು ಬಾಗಿಲಲ್ಲೇ ಕಾಯುತ್ತಿದ್ದವಳಂತೆ, "ಬಂದ್ರಾ ಡಾಕ್ಟ್ರಮ್ಮ, ಬನ್ನಿ ಬನ್ನಿ. ಮೊದ್ಲು ನಮ್ಮ ಕ್ರೋಟನ್ ನೋಡಿ. ಎರಡು ವಾರ ಪಾರ್ಕಿನ್ಸನ್ ಮದ್ದು ತಿಂದು ಹೇಗೆ ಗಟ್ಟಿ ನಿಂತಿದೆ, ಒಂದೆಲೆ ನಡುಗುದಿಲ್ಲ" ಎಂದಳು. ಹರಿಣಾಕ್ಷಿಗೆ ನಗು ಬಂತು. ನಗುತ್ತಲೇ ಕುಮುದಿನಿಯ ಕಣ್ಣಿನ ಕೆಳಗಿನ ಕಪ್ಪು ಕಂಡಿತು. "ನಗ್ಬೇಡ," ಎಂದಳು ಕುಮುದಿನಿ, ಸ್ವರ ತಗ್ಗಿಸಿ. "ಅಂಗನವಾಡಿಯಲ್ಲಿ ಇಪ್ಪತ್ತು ಮಕ್ಕಳಿಗೆ ತಿನ್ನಿಸಿ ಬರ್ತೇನೆ, ಇವರೊಬ್ಬರಿಗೆ ಆಗುದಿಲ್ಲ ನಂಗೆ. ಬಾಯಿ ತೆರೀಲಿಕ್ಕೆ ಹೇಳಿದ್ರೆ ತೆರೀತಾರೆ, ನಾಲಗೆ ಎತ್ತಿ ಅಂದ್ರೆ ಎತ್ತುದಿಲ್ಲ. ಅಪ್ಪನ ನಾಲಗೆ ಅಡಿಗೆ ಬೆರಳು ಹಾಕುದು ಹೇಗೆ ಹೇಳು."

ಮಾವ ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗೋಡೆಗೆ ಒರಗದೆ, ಮುಂದಕ್ಕೆ ಬಾಗಿ ಕೂತಿದ್ದರು. ಅವಳನ್ನು ಕಂಡರು. ಕಂಡದ್ದು ಕಣ್ಣಿನಲ್ಲಿ ಮಾತ್ರ ಗೊತ್ತಾಗುತ್ತಿತ್ತು, ಮುಖ ಕದಲಲಿಲ್ಲ. ಈ ಕಾಯಿಲೆಯಲ್ಲಿ ಮುಖದ ಸ್ನಾಯುಗಳೂ ಬಿಗಿಯುತ್ತವೆ, ಅದಕ್ಕೆ ಮುಖವಾಡದ ಮುಖ ಎಂದೇ ಹೆಸರು, ಅವಳು ಅದನ್ನು ಥೀಸಿಸ್ಸಿನ ಮೊದಲ ಅಧ್ಯಾಯದಲ್ಲಿ ಬರೆದಿದ್ದಳು. ಆದರೂ ಅದು ಬಿಗಿದ ಸ್ನಾಯುವೋ ಅಥವಾ ತನ್ನ ಮೇಲಿನ ಸಿಟ್ಟೋ ಎಂದು ತಿಳಿಯದೆ ಬಾಗಿಲು ತಟ್ಟಿ ನಿಂತವಳಂತೆ ಆ ಮುಖದ ಎದುರು ನಿಂತಳು. ಬಲಗೈ ತೊಡೆಯ ಮೇಲೆ ನಡುಗುತ್ತಿತ್ತು, ಹೆಬ್ಬೆರಳು ತೋರುಬೆರಳನ್ನು ಸವರಿ ಸವರಿ. ಎರಡು ವಾರದ ಹಿಂದೆ ಪುತ್ತೂರಿನಲ್ಲಿ ನರದ ಡಾಕ್ಟರು ಅದೇ ಕೈಯನ್ನು ಎತ್ತಿ ಹಿಡಿದು, ಜೊತೆಗಿದ್ದ ಕಲಿಯುವ ಹುಡುಗಿಯರಿಗೆ, "ನೋಡಿ, ಗುಳಿಗೆ ಉರುಟುವ ಹಾಗೆ ಕಾಣ್ತದಲ್ಲ, ಪುಸ್ತಕದಲ್ಲಿದ್ದ ಹಾಗೇ ಉಂಟು" ಎಂದಿದ್ದರು. ಹುಡುಗಿಯರು ಬರೆದುಕೊಂಡರು. ಐವತ್ತು ವರ್ಷ ಆ ಎರಡೇ ಬೆರಳಿನಲ್ಲಿ ಗುಳಿಗೆ ಉರುಟಿದ ಮನುಷ್ಯ ಇವರು ಎಂದು ಹೇಳಲು ಹರಿಣಾಕ್ಷಿ ಬಾಯಿ ತೆರೆದವಳು ಹೇಳಲಿಲ್ಲ. ಮಾವ ತಮ್ಮ ಕೈಯನ್ನು ಇನ್ನೊಬ್ಬರ ಕೈಯಲ್ಲಿ ನೋಡುತ್ತ ಕೂತಿದ್ದರು. ಮಾತ್ರೆ ತಪ್ಪಿಸಿದರೆ ಇನ್ನಾರು ತಿಂಗಳಲ್ಲಿ ನಡೆಯುವುದು ಕಷ್ಟ, ನುಂಗುವುದೂ ಕಷ್ಟ ಎಂದು ಡಾಕ್ಟರು ಹೇಳಿದ್ದು ಅವರಿಗೆ ಕೇಳಿಸಿತ್ತೋ ಇಲ್ಲವೋ.

"ಹೇಗಿದ್ದೀರಿ ಮಾವ?" ಎಂದಳು. ಆ ಪ್ರಶ್ನೆ ಅವಳಿಗೇ ನಾಚಿಕೆ ತರಿಸಿತು.

"ಹೀಗೆ," ಎಂದರು. ಸ್ವರ ಬಾವಿಯ ತಳದಿಂದ ಬಂದಂತೆ ಸಣ್ಣಗೆ.

ಒಮ್ಮೆ, ಕಾಯಿಲೆ ಹೀಗೆಲ್ಲ ಆಗುವ ಮೊದಲು, ಇದೇ ಜಗಲಿಯಲ್ಲಿ ಅವಳು ಉತ್ಸಾಹದಿಂದ ವಿವರಿಸಿದ್ದಳು: ಮೆದುಳಿನಲ್ಲಿ ಕಾವಲಿನ ಕೋಶಗಳು ಉಂಟು ಮಾವ, ಕಳ್ಳ ಬಂದರೆ ಓಡಿಸುವುದು ಅವರ ಕೆಲಸ, ಕಳ್ಳ ಹೋದ ಮೇಲೂ ಸುಮ್ಮನಾಗದಿದ್ದರೆ ಮನೆಯವರಿಗೇ ಹೊಡೆಯುತ್ತಾರೆ, ಹಾಗೆ ಒಂದೊಂದೇ ನರ ಸಾಯುವುದು. ಮಾವ ಎಲೆಗೆ ಸುಣ್ಣ ಸವರುತ್ತ ಕೇಳಿದ್ದರು, "ಕಾವಲಿನವನನ್ನು ಸುಮ್ಮನೆ ಕೂರಿಸ್ಲಿಕ್ಕೆ ಗೊತ್ತಿದ್ದವರು ಇಲ್ವಾ ಆ ಮನೆಯಲ್ಲಿ?" ಅವಳು ಆ ಮಾತನ್ನು ಸೆಮಿನಾರಿನಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದಳು. ಆಗಲೇ ಈ ಕೈ ನಡುಗಲು ಶುರುವಾಗಿತ್ತಂತೆ. ಪಂಚೆಯ ಮಡಿಕೆಯಲ್ಲಿ ಬಚ್ಚಿಡುತ್ತಿದ್ದರಂತೆ. ಅವಳು ಸುಣ್ಣ ಸವರುವುದನ್ನು ನೋಡಿದ್ದಳು, ಕೈಯನ್ನು ನೋಡಿರಲಿಲ್ಲ.

ಪುತ್ತೂರಿನಲ್ಲಿ ಕೊಂಡ ಮಾತ್ರೆಯ ಹಾಳೆಯನ್ನು ಬ್ಯಾಗಿನಿಂದ ತೆಗೆಯಬೇಕು ಎನ್ನುವಷ್ಟರಲ್ಲಿ ಮೆಟ್ಟಿಲಿನ ಹತ್ತಿರ ಕೊಡೆ ಮಡಚಿದ ಸದ್ದಾಯಿತು. ಅರುವತ್ತು ದಾಟಿದ ಮನುಷ್ಯ, ಬಿಳಿ ಟೊಪ್ಪಿ, ಹೆಗಲಿಗೆ ಬೈರಾಸು. "ಕುಕ್ಕಪ್ಪಣ್ಣ, ನಾನು, ಬೆಳ್ಳಾರೆ ಮೂಸಕುಂಞಿ. ಐದನೇ ಸಲ ಬರುದು ಮಾರಾಯ್ರೆ. ಇನ್ನು ಬಸ್ಸಿನ ಕಂಡಕ್ಟ್ರೇ ನಿಮ್ಮ ಹತ್ರ ಜಗಳಕ್ಕೆ ಬರ್ತಾನೆ" ಎಂದು ನಗುತ್ತ ಮೆಟ್ಟಿಲಲ್ಲೇ ಕೂತರು. ಕುಮುದಿನಿ ನೀರು ತಂದಳು. ಅವರು ತಮ್ಮ ತಾಯಿಯ, ಉಮ್ಮನ, ಸುದ್ದಿ ಹೇಳಿದರು: ಸತ್ತು ಇಪ್ಪತ್ತು ವರ್ಷವಾದ ಅಪ್ಪನ ಜೀಪು ಇನ್ನೂ ಬರಲಿಲ್ಲವೆಂದು ಅಂಗಳದಲ್ಲೇ ನಿಲ್ಲುತ್ತಾರೆ, ತನ್ನನ್ನು ಮೀನಿನವನೆಂದು ತಿಳಿದು ಬಂಗುಡೆಗೆ ಎಷ್ಟು ಅಂತ ಕೇಳುತ್ತಾರೆ. "ನಾನು ಹೇಳುದು, ಉಮ್ಮಾ ಇವತ್ತು ಮೀನು ಬರ್ಲಿಲ್ಲ, ನಾಳೆ ತರ್ತೇನೆ. ಎಂತ ಮಾಡುದು."

ಮಾವನ ಎಡಗೈ ಮೆಲ್ಲನೆ ಎದ್ದಿತು. ಹರಿಣಾಕ್ಷಿಯ ಕಡೆ ತೋರಿಸಿತು.

"ಇವಳೇ," ಎಂದರು.

ಮೂಸಕುಂಞಿ ಎದ್ದು ನಿಂತುಬಿಟ್ಟರು. ತನ್ನ ಅಪ್ಪನ ಪ್ರಾಯದ ಮನುಷ್ಯ ಎದ್ದು ನಿಂತದ್ದು ಕಂಡು ಹರಿಣಾಕ್ಷಿಯೂ ಎದ್ದಳು. "ಇವರೇನಾ? ಅಲ್ಲ ಕುಕ್ಕಪ್ಪಣ್ಣ, ನಾಲ್ಕು ವರ್ಷದಿಂದ ಕೊಡುವವಳು ಬರ್ಲಿ, ಕೊಡುವವಳು ಬರ್ಲಿ ಅಂತ ಕಳಿಸಿದ್ದು ಇವರು ಬರ್ಲಿ ಅಂತಲಾ? ನಾನು ಯಾರೋ ಮುದುಕಿ ಅಂತ ಮಾಡಿದ್ದೆ."

"ನನ್ನ ಕೈಯಿಂದ ಹೋಗಿದೆ," ಎಂದರು ಮಾವ. ಪ್ರತಿ ಮಾತಿಗೂ ಉಸಿರು ಒಟ್ಟುಮಾಡಬೇಕಿತ್ತು. "ಕಿವಿಯಲ್ಲಿ ಹೇಳಿದ ದಿನವೇ ಅವಳ ಕೈಗೆ ಹೋಯ್ತು. ಮತ್ತೆ ನಾನು ಕೊಟ್ರೆ ಅದು ಬರೀ ಸೊಪ್ಪು."

ಕುಕ್ಕರಿನ ಸೀಟಿ ನಿಂತಿತ್ತು. ನಾಲ್ಕು ವರ್ಷ. ಅಷ್ಟು ಮಂಗಳವಾರ ಎಷ್ಟು ಜನ ಈ ಮೆಟ್ಟಿಲಿಂದ ಹಿಂದೆ ಹೋದರು, ಮಾವ ಕೂತು ಎಷ್ಟು ಬಸ್ಸುಗಳ ಸದ್ದು ಕೇಳಿದರು, ಅವಳು ಇಳಿದಾಳೆಂದು. ಅವಳು ಬಂದದ್ದು ಎರಡೇ ಸಲ. ಒಂದು ಸಲ ಇನ್ನೊಂದು ಚೀಲ ಬಳ್ಳಿಗೆ, ಇನ್ನೊಂದು ಸಲ ಪ್ರಕಟವಾದ ಲೇಖನದ ಪ್ರತಿ ಕೊಡಲಿಕ್ಕೆ. ಅದರಲ್ಲಿ ಬಳ್ಳಿಯ ಹೆಸರು ಓರೆ ಅಕ್ಷರದಲ್ಲಿ ಇಡೀ ಲೋಕಕ್ಕೆ ಕಾಣುವಂತೆ ಇತ್ತು. ಮಾವ ಅದನ್ನು ತಿರುಗಿಸಿ ನೋಡಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದರು.

"ಉಮ್ಮನಿಗೆ ಡಾಕ್ಟ್ರ ಮದ್ದು ಉಂಟಾ?" ಎಂದು ಕೇಳಿದಳು, ಏನಾದರೂ ಕೇಳಬೇಕೆಂದು.

"ಇತ್ತು. ನಿಲ್ಸಿ ತಿಂಗಳಾಯ್ತು. ಒಂದೇ ಹೊಟ್ಟೆಗೆ ಎರಡು ಮದ್ದು ಆಗುದಿಲ್ಲ ಅಲ್ವಾ, ನಿಮ್ಮದಕ್ಕೆ ಜಾಗ ಬೇಕಲ್ಲ." ಮೂಸಕುಂಞಿ ಬೈರಾಸಿನಲ್ಲಿ ಕುತ್ತಿಗೆ ಒರೆಸಿದರು. "ಎಷ್ಟೊತ್ತಾದ್ರೂ ಕೂರ್ತೇನೆ. ಇವತ್ತು ಬರಿಗೈಯಲ್ಲಿ ಹೋಗುದಿಲ್ಲ."

ಮಾವ ಅವಳನ್ನೇ ನೋಡುತ್ತಿದ್ದರು. ಮಾವ ಕೊಡುತ್ತಿದ್ದಂತೆ ಒಂದು ಹಿಡಿ ಸೊಪ್ಪು, ಮೂರು ಬೆಳಿಗ್ಗೆ. ಹೂಂ ಎಂದರೆ ಸಾಕು. ಹೂಂ ಎಂದರೆ ಈ ಮನುಷ್ಯ ಖುಷಿಯಲ್ಲಿ ಬೆಳ್ಳಾರೆಯ ಬಸ್ಸು ಹತ್ತುತ್ತಾರೆ, ಮಾವ ಅವಳ ಕೈಯಿಂದ ಏನು ಕೊಟ್ಟರೂ ನುಂಗುತ್ತಾರೆ, ಕುಮುದಿನಿ ಒಂದು ರಾತ್ರಿ ನಿದ್ದೆ ಮಾಡುತ್ತಾಳೆ. ಎಷ್ಟು ಸುಲಭ. ತೆಳು ಗುಲಾಬಿಯ ಸಾಲು ನೆನಪಾಯಿತು, ಅದರ ಕೊನೆಯ ಬೆಳ್ಳಗಿನದೂ ನೆನಪಾಯಿತು. ಒಂದು ಹಿಡಿ ಎಂದರೆ ಆ ಸಾಲಿನಲ್ಲಿ ಎಲ್ಲಿ ಬೀಳುತ್ತದೆ? ನಾಲ್ಕು ವರ್ಷ ಕೆಲಸ ಮಾಡಿಯೂ ಅದು ಅವಳಿಗೆ ಗೊತ್ತಿಲ್ಲ. ಅಂಗಳದಲ್ಲಿ ಜೀಪಿಗೆ ಕಾಯುವ ಆ ಮುದುಕಿಯ ಹೊಟ್ಟೆಯಿಂದ ಮೆದುಳಿಗೆ ಏನು ತಲುಪುತ್ತದೆ, ಗೊತ್ತಿಲ್ಲ. ಸುಸ್ತು ಎಂದರೆ ಇದೇ ಇರಬೇಕು, ಸುಳ್ಳು ಹೇಳಲಿಕ್ಕೂ ತ್ರಾಣ ಇಲ್ಲದಿರುವುದು.

"ನನ್ನ ಹತ್ರ ಮದ್ದಿಲ್ಲ," ಎಂದಳು. "ನಂಗೆ ಹೆಸರು ಗೊತ್ತುಂಟು. ಅಷ್ಟೇ. ಯಾರಿಗೆ ಎಷ್ಟು ಕೊಡಬೇಕು, ಕೊಟ್ರೆ ಎಂತ ಆಗ್ತದೆ, ಗೊತ್ತಿಲ್ಲ. ನಾನು ಯಾರಿಗೂ ಕೊಡ್ಲಿಲ್ಲ. ಉಮ್ಮನ ಮಾತ್ರೆ ನಿಲ್ಸಬಾರದಿತ್ತು. ಪುನಃ ಶುರು ಮಾಡುವ ಮೊದ್ಲು ಡಾಕ್ಟ್ರಿಗೆ ಫೋನ್ ಮಾಡಿ ಹೇಳಿ, ತಿಂಗಳು ತಪ್ಪಿದೆ ಅಂತ."

ಮೂಸಕುಂಞಿಗೆ ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು. ಅವರು ಕೊಡೆ ಕೈಗೆತ್ತಿಕೊಂಡರು. "ಹಾಗಾ," ಎಂದರು. "ನೀವಾದ್ರೂ ಹೇಳಿದ್ರಲ್ಲ. ಇಲ್ಲ ಅಂತ ಗೊತ್ತಾಗ್ಲಿಕ್ಕೂ ಐದು ಸಲ ಬರ್ಬೇಕಾಯ್ತು." ಹೊರಡುವ ಮೊದಲು ಕುರ್ಚಿಯ ಹತ್ತಿರ ಬಾಗಿ, "ನಿಮ್ಮ ಕೈ ಹೇಗುಂಟು ಕುಕ್ಕಪ್ಪಣ್ಣ?" ಎಂದು ಕೇಳಿ, ಮಾವನ ತುಟಿಯ ಮೂಲೆಯಲ್ಲಿ ಇಳಿಯುತ್ತಿದ್ದ ಜೊಲ್ಲನ್ನು ತಮ್ಮ ಬೈರಾಸಿನ ತುದಿಯಿಂದ, ಮಾತಿನ ನಡುವೆಯೇ, ಒರೆಸಿ ಹೋದರು. ಅವಳು ಬಂದಾಗಿನಿಂದ ಅದು ಇಳಿಯುತ್ತಿತ್ತು. ಹರಿಣಾಕ್ಷಿ ಅದನ್ನು ಕಂಡಿದ್ದಳು.

ರಸ್ತೆಯಲ್ಲಿ ಅವರ ಕೊಡೆ ಬಿಚ್ಚಿ ಸಣ್ಣದಾಗುತ್ತ ಹೋಯಿತು.

"ಹಾಗಾದ್ರೆ ಎಂತಕ್ಕೆ ತಕ್ಕೊಂಡೆ ಗೂಡೆ?" ಎಂದರು ಮಾವ.

"ಬರೀಲಿಕ್ಕೆ."

"ಬರ್ದು ಆಯ್ತಾ?"

"ಆಯ್ತು."

ಮುಖ ಹಾಗೆಯೇ ಇತ್ತು. ಆದರೆ ಕಣ್ಣು ತುಂಬಿತು, ತುಂಬಿದ್ದು ಕೆಳಗೆ ಬೀಳಲೂ ಅಲ್ಲಿ ಏನೂ ಕದಲಲಿಲ್ಲ. "ನಂಗೆ ಹೀಗೆ ಆದಾಗ," ಎಂದರು, "ನಂಗೆ ಕೊಡುವವರು ಯಾರು ಅಂತ ಆಯ್ತು. ನನ್ನ ಕೈಯದ್ದು ನಂಗೆ ನಾಟುದಿಲ್ಲ. ನೀನು ಬರ್ತೀ ಅಂತ ಇದ್ದೆ. ಬಾಯಿಗೆ ಬೇರೆ ಎಂತದೂ ಬೀಳುದು ಬೇಡ ಅಂತ ಉಗಿದೆ."

ಹರಿಣಾಕ್ಷಿ ಕೆಳಗೆ, ಅವರ ಕಾಲಿನ ಹತ್ತಿರ ಕೂತಳು. ತಪ್ಪಾಯ್ತು ಎನ್ನಬೇಕೆಂದುಕೊಂಡಳು, ಅದು ತನ್ನ ಹಗುರಕ್ಕೆ ಬೇಕಾದ ಮಾತು ಎನಿಸಿ ನುಂಗಿದಳು. ಹಾಳೆಯಿಂದ ಒಂದು ಮಾತ್ರೆ ಒತ್ತಿ ತೆಗೆದು, ಡಾಕ್ಟರು ಬರೆದಂತೆ ಅರ್ಧ ಮುರಿದು ಅಂಗೈಯಲ್ಲಿ ಹಿಡಿದಳು. "ಇದು ಉಂಟು ಮಾವ, ನನ್ನ ಹತ್ರ."

"ಇದು ಯಾರ ಮದ್ದು?"

"ತುಂಬ ಜನರದ್ದು. ಯಾರ್ಯಾರೋ ಐವತ್ತು ಅರುವತ್ತು ವರ್ಷದಿಂದ ಕೊಟ್ಟು, ಕೊಟ್ಟದ್ದನ್ನು ಬರೆದು ಇಟ್ಟದ್ದು."

"ಪೂರಾ ಗುಣ ಆಗ್ತದಾ?"

"ಇಲ್ಲ," ಎಂದಳು. "ನಡೀಲಿಕ್ಕೆ ಆಗ್ತದೆ. ಅನ್ನ ಇಳೀತದೆ. ಕೆಲವು ವರ್ಷ. ಇವತ್ತೇ ಏನೂ ಕಾಣ್ಲಿಕ್ಕಿಲ್ಲ, ವಾರಗಟ್ಟಲೆ ಬೇಕು."

ಮಾವ ಮಾತ್ರೆಯನ್ನು ನೋಡಿದರು. ಎಷ್ಟು ಹೊತ್ತೆಂದರೆ ಎರಡು ಬಸ್ಸು ದಾಟಿ ಹೋಗುವಷ್ಟು ಹೊತ್ತು. ಮತ್ತೆ ಬಹಳ ಮೆಲ್ಲಗೆ, ಅಂಗಡಿಯವನ ಹತ್ತಿರ ಸಾಮಾನು ತಪಾಸಣೆ ಮಾಡುವವರಂತೆ, "ಪಥ್ಯ ಎಂತ?" ಎಂದರು.

"ಇಂಗ್ಲಿಷ್ ಮದ್ದಿಗೆ ಎಂತ ಪಥ್ಯ ಅಪ್ಪ, ನುಂಗುದು ಅಷ್ಟೆ!" ಎಂದಳು ಕುಮುದಿನಿ ಒಳಗಿನಿಂದ.

"ಇಲ್ಲ, ಉಂಟು," ಎಂದಳು ಹರಿಣಾಕ್ಷಿ. ಅವಸರದ ಡಾಕ್ಟರು ಹೇಳದೆ ಬಿಟ್ಟದ್ದು, ಎಂದೋ ಓದುವಾಗ ಗೆರೆ ಎಳೆದು ಮರೆತದ್ದು ಈಗ ಒಂದೊಂದೇ ಬಾಯಿಗೆ ಬಂತು. "ಊಟಕ್ಕೆ ಅರ್ಧ ಗಂಟೆ ಮೊದ್ಲು ತಕ್ಕೊಳ್ಬೇಕು. ಇದ್ರ ಒಟ್ಟಿಗೆ ಹಾಲು ಆಗುದಿಲ್ಲ. ಬೇಳೆ, ಮೀನು, ಮೊಟ್ಟೆ ಅದೇ ಹೊತ್ತಿಗೆ ತಿಂದ್ರೆ ಮದ್ದು ಮೆದುಳಿಗೆ ಹತ್ತುದಿಲ್ಲ, ದಾರಿಯಲ್ಲೇ ಅದಕ್ಕೂ ಇದಕ್ಕೂ ನೂಕಾಟ ಆಗ್ತದೆ. ಹೊತ್ತು ತಪ್ಪಲಿಕ್ಕಿಲ್ಲ, ದಿನಾ ಅದೇ ಗಂಟೆ."

"ಮೀನು?"

"ಮಧ್ಯಾಹ್ನಕ್ಕೆ ಬೇಡ. ರಾತ್ರಿಗೆ ಸ್ವಲ್ಪ."

"ಅವರು ಹೇಳ್ಳೇ ಇಲ್ಲ ನೋಡು," ಎಂದರು ಮಾವ. "ಪಥ್ಯ ಇಲ್ಲದ್ದನ್ನು ಮದ್ದು ಅಂತ ಹೇಗೆ ನುಂಗುದು." ಎಡಗೈ ಚಾಚಿದರು. ಅವಳು ಅರ್ಧ ಮಾತ್ರೆಯನ್ನು ಅಂಗೈಗೆ ಇಟ್ಟಳು, ನೀರಿನ ಲೋಟವನ್ನು ಹಿಡಿದುಕೊಂಡಳು. ಗಂಟಲಿನ ಉಬ್ಬು ಮೇಲೇರಿ, ಅಲ್ಲೇ ನಿಂತು, ಹೆದರಿಸಿ, ಕೊನೆಗೆ ಇಳಿಯಿತು. ಅವರು ತಾವಾಗಿಯೇ ಬಾಯಿ ತೆರೆದು ನಾಲಗೆ ಎತ್ತಿ ತೋರಿಸಿದರು. ಅವಳು ಅದನ್ನು ನೋಡಲಾಗದೆ ರಸ್ತೆ ನೋಡಿದಳು. ಅವರ ಬಲಗೈ ತೊಡೆಯ ಮೇಲೆ ಮೊದಲಿನಂತೆಯೇ ನಡುಗುತ್ತಿತ್ತು.

"ಕುಮುದಿನಿ," ಎಂದು ಕರೆದರು ಮಾವ. ಸ್ವರ ಒಳಗಿನವರೆಗೆ ಹೋಗಲಿಲ್ಲ. ಹರಿಣಾಕ್ಷಿಯ ಕಡೆ ತಿರುಗಿದರು. "ಹೇಳು ಅವಳಿಗೆ. ಇವತ್ತು ಸಾರಿಗೆ ಬೇಳೆ ಬೇಡ."